ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಲ್ಲಿ ಕಥೊಲಿಕ ಚರ್ಚುಗಳಲ್ಲಿ ದಾನಕ್ಕೆ ಏಕೆ ಅಷ್ಟು ಒತ್ತು?

ಈ ವಾರಗಳನ್ನು ಆಗಮನ ಕಾಲ ಎನ್ನುತ್ತಾರೆ. ನವೆಂಬರ್ 30ಕ್ಕೆ ಅತಿ ಹತ್ತಿರದ ಭಾನುವಾರ ಆರಂಭವಾಗುವ ಇದು ನಾಲ್ಕು ಭಾನುವಾರಗಳನ್ನು ಒಳಗೊಂಡಿದ್ದು, ಹಬ್ಬದ ಸಡಗರಕ್ಕಿಂತ ಹೆಚ್ಚಾಗಿ ಕಾಯುವಿಕೆಯ ಮತ್ತು ಮನಃಪರಿವರ್ತನೆಯ ಕಾಲವಾಗಿದೆ. ಗುರುಗಳು ನೇರಳೆ ಬಣ್ಣದ ಪೂಜಾವಸ್ತ್ರ ಧರಿಸುತ್ತಾರೆ, ಭಕ್ತರು ಪಾಪನಿವೇದನೆ ಮಾಡಿಕೊಳ್ಳುತ್ತಾರೆ. ಮೂರನೆಯ ಭಾನುವಾರ ಮಾತ್ರ ಗುಲಾಬಿ ಬಣ್ಣಕ್ಕೆ ಅವಕಾಶವಿದೆ.

ದಾನದ ಒತ್ತಿಗೆ ಮೂಲ ಬೈಬಲಿನಲ್ಲೇ ಇದೆ. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದನ್ನು ಕೊಡಲಿ ಎಂಬ ಯೇಸುವಿನ ಬರವನ್ನು ಮುನ್ಸಾರಿದ ಪ್ರವಾದಿ ಸ್ನಾನಿಕ ಯೊವಾನ್ನರ ಮಾತು ಲೂಕನ ಸುವಾರ್ತೆಯ 3ನೇ ಅಧ್ಯಾಯದಲ್ಲಿದ್ದು, ಮೂರು ವರ್ಷಗಳಿಗೊಮ್ಮೆ ಆ ಮೂರನೆಯ ಭಾನುವಾರವೇ ಅದನ್ನು ಓದಲಾಗುತ್ತದೆ. ಅಂದರೆ ಇಲ್ಲಿ ಕೊಡುವುದು ಹಬ್ಬದ ಉಡುಗೊರೆಯಲ್ಲ, ಪಶ್ಚಾತ್ತಾಪದ ಒಂದು ಭಾಗ. ಈ ವ್ಯತ್ಯಾಸವನ್ನು ನಮ್ಮಲ್ಲೇ ಅನೇಕರು ಮರೆಯುತ್ತಾರೆ ಎಂದು ನನಗನ್ನಿಸುತ್ತದೆ.

ನಮ್ಮ ಬಳ್ಳಾರಿ, ರಾಯಚೂರು, ಕೊಪ್ಪಳ ಸೀಮೆ 1949ರಲ್ಲಿ ಸ್ಥಾಪಿತವಾದ ಬಳ್ಳಾರಿ ಧರ್ಮಕ್ಷೇತ್ರಕ್ಕೆ, ಅಂದರೆ ಒಬ್ಬ ಬಿಷಪರ ಆಡಳಿತದ ವ್ಯಾಪ್ತಿಗೆ, ಸೇರಿದ್ದು. ತುಂಗಭದ್ರಾ ಕಾಲುವೆಯ ಊರುಗಳಲ್ಲಿ ಭತ್ತದ ಕಟಾವು ಸಹ ಇದೇ ಹೊತ್ತಿಗೆ ಬರುವುದರಿಂದ, ಹಣಕ್ಕಿಂತ ಅಕ್ಕಿ ಕೊಡುವುದು ಇಲ್ಲಿ ಸಹಜ. ಕಾಣಿಕೆಯ ಹೊತ್ತಿನಲ್ಲಿ ಅಜ್ಜಿಯೊಬ್ಬರು ಸೆರಗಿನ ಮರೆಯಲ್ಲಿ ತಂದ ಎರಡು ಸೇರು ಸೋನಾ ಮಸೂರಿಯನ್ನು ಪೀಠದ ಬಳಿಯ ಚೀಲಕ್ಕೆ ಸುರಿದು, ಯಾರ ಮುಖವನ್ನೂ ನೋಡದೆ ಹಿಂದಿನ ಸಾಲಿಗೆ ಮರಳಿದ್ದನ್ನು ನಾನು ಕಂಡಿದ್ದೇನೆ. ಹೀಗೆ ಕೂಡಿದ ಅಕ್ಕಿ, ಕಂಬಳಿಗಳನ್ನು ಜಾತಿ ಧರ್ಮ ಕೇಳದೆ ಕಷ್ಟದಲ್ಲಿರುವ ಮನೆಗಳಿಗೆ ಮುಟ್ಟಿಸುತ್ತಾರೆ.

ಇದು ಕಾಯುವ ಕಾಲವಾದ್ದರಿಂದ, ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿಯನ್ನು ಮೊದಲೇ ಕಟ್ಟಿದರೂ, ಬಾಲಯೇಸುವಿನ ಮೂರ್ತಿಯನ್ನು ಅದರಲ್ಲಿ ಇಡುವುದು ಡಿಸೆಂಬರ್ 24ರ ರಾತ್ರಿಯೇ.