ಬಣ್ಣ ಹಿಡಿದದ್ದು ನರಕೋಶಕ್ಕಲ್ಲ

ಡೊಂಬಿವಲಿಯಿಂದ ಅಜ್ಜಿಯೊಬ್ಬರು ಬರೆದಿದ್ದಾರೆ: “ಕಳೆದ ಸಂಚಿಕೆಯಲ್ಲಿ ಎಸ್-100 ಅಂದರೆ ನರಕೋಶದ ಗುರುತು ಅಂತ ಓದಿದೆ. ನಮ್ಮ ಮೊಮ್ಮಗನಿಗೆ ಹಿರ್ಷ್‌ಸ್ಪ್ರಂಗ್ ಕಾಯಿಲೆ. ಬಯಾಪ್ಸಿ ರಿಪೋರ್ಟ್‌ನಲ್ಲಿ ಎಸ್-100 ಪಾಸಿಟಿವ್, ಕ್ಯಾಲ್‌ರೆಟಿನಿನ್ ನೆಗೆಟಿವ್. ಡಾಕ್ಟರ್ ನೋಡಿದರೆ ಆ ಜಾಗದಲ್ಲಿ ನರಕೋಶವೇ ಇಲ್ಲ ಅಂತಾರೆ. ಯಾರನ್ನು ನಂಬಲಿ? ಬಣ್ಣವೇ ಸರಿಯಾಗಿ ಹಿಡಿದಿಲ್ಲವೋ ಏನೋ?”

ಅಕ್ಕಾ, ಡಾಕ್ಟರನ್ನೇ ನಂಬಿ. ತಪ್ಪು ನಮ್ಮದು. ಆ ಸಾಲನ್ನು ಅಚ್ಚಿಗೆ ಬಿಟ್ಟವನು ನಾನೇ. ಮನೆಯಲ್ಲಿ ಕೂಸು ಹುಷಾರಿಲ್ಲದಾಗ ನಿಮಗೆ ಈ ಗೊಂದಲವೂ ಸೇರಿತಲ್ಲ, ಕ್ಷಮಿಸಿ.

ಹಿರ್ಷ್‌ಸ್ಪ್ರಂಗ್ ಅಂದರೆ ಕರುಳಿನ ಕೆಳಭಾಗದಲ್ಲಿ ನರಕೋಶಗಳೇ ಇಲ್ಲದ, ಹುಟ್ಟಿನಿಂದಲೇ ಇರುವ ಕಾಯಿಲೆ. ಎಸ್-100, ಕ್ಯಾಲ್‌ರೆಟಿನಿನ್ ಎರಡೂ ಪ್ರೋಟೀನ್‌ಗಳು; ಬಯಾಪ್ಸಿ ತುಣುಕಿಗೆ ಬಣ್ಣ ಹಚ್ಚಿ ಅವು ಎಲ್ಲಿವೆ ಅಂತ ನೋಡುತ್ತಾರೆ. ಕರುಳಿನ ಗೋಡೆಯೊಳಗೆ ನರಕೋಶಗಳು ಗುಂಪುಗುಂಪಾಗಿ ಇರುತ್ತವೆ. ಅವುಗಳನ್ನು ಸುತ್ತುವರಿದು ನೋಡಿಕೊಳ್ಳುವ ಬೇರೆ ಕೋಶಗಳಿವೆ, ಗ್ಲಿಯಾ ಅಂತ ಹೆಸರು. ಎಸ್-100 ಪ್ರೋಟೀನ್ ಇರುವುದು ಈ ಗ್ಲಿಯಾದಲ್ಲಿ, ಮತ್ತು ನರದ ಎಳೆಗಳ ಹೊದಿಕೆಯಲ್ಲಿ. ನರಕೋಶದಲ್ಲಿ ಅಲ್ಲ.

ನಿಮ್ಮ ಪತ್ರ ಬಂದ ಮೇಲೆ ಪರೇಲ್‌ನ ಒಂದು ಲ್ಯಾಬ್‌ಗೆ ಹೋಗಿ ಮೈಕ್ರೋಸ್ಕೋಪ್‌ನಲ್ಲಿ ನಾನೇ ನೋಡಿದೆ. ಆರೋಗ್ಯದ ಕರುಳಿನ ಸ್ಲೈಡ್‌ನಲ್ಲಿ ಎಸ್-100 ಹಚ್ಚಿದ ಕಡೆ ಕಂದು ಬಣ್ಣದ ಬಲೆ. ಬಲೆಯ ನಡುವೆ ಬಣ್ಣ ಹಿಡಿಯದ ದುಂಡನೆಯ ಜಾಗಗಳು. ಆ ಬಿಟ್ಟುಹೋದ ಜಾಗಗಳೇ ನರಕೋಶ! ಪಕ್ಕದ ಸ್ಲೈಡ್ ಹಿರ್ಷ್‌ಸ್ಪ್ರಂಗ್ ಇದ್ದ ಕರುಳಿನದು. ಅಲ್ಲಿ ದಪ್ಪ ದಪ್ಪ ಕಂದು ಎಳೆಗಳಿದ್ದವು, ಆದರೆ ದುಂಡನೆಯ ಜಾಗ ಒಂದೂ ಇಲ್ಲ. ಆ ಎಳೆಗಳು ಹೊರಗಿನಿಂದ ಕರುಳಿಗೆ ಬರುವ ನರಗಳು. ಮನೆವರೆಗೆ ವೈರ್ ಬಂದಿದೆ, ಒಳಗೆ ಸ್ವಿಚ್‌ಬೋರ್ಡೇ ಇಲ್ಲ ಅಂದ ಹಾಗೆ. ಎಸ್-100 ತೋರಿಸಿದ್ದು ವೈರಿನ ಹೊದಿಕೆಯನ್ನು.

ಕ್ಯಾಲ್‌ರೆಟಿನಿನ್ ಹಾಗಲ್ಲ. ಅದು ಕರುಳಿನದೇ ಕೆಲವು ನರಕೋಶಗಳಲ್ಲಿ, ಅವುಗಳಿಂದ ಹೊರಟ ಸಣ್ಣ ಎಳೆಗಳಲ್ಲಿ ಇರುತ್ತದೆ. ಕೋಶ ಇಲ್ಲದಿದ್ದರೆ ಎಳೆಯೂ ಇಲ್ಲ, ರಿಪೋರ್ಟ್ ನೆಗೆಟಿವ್. ಬಣ್ಣ ಕೆಟ್ಟಿರಬಹುದೇ ಅಂತ ಕೇಳಿದಿರಿ, ಒಳ್ಳೆಯ ಪ್ರಶ್ನೆ. ಅದೇ ತುಣುಕಿನಲ್ಲಿ ಮಾಸ್ಟ್ ಕೋಶ ಎಂಬ ಬೇರೆ ಕೋಶಗಳೂ ಕ್ಯಾಲ್‌ರೆಟಿನಿನ್ ಬಣ್ಣ ಹಿಡಿಯುತ್ತವೆ. ಅವು ಕಂದಾಗಿದ್ದರೆ ಬಣ್ಣ ಸರಿಯಾಗಿದೆ ಅಂತ ಅರ್ಥ. ಬೇಕಾದರೆ ಡಾಕ್ಟರ್ ಹತ್ತಿರ ಇದನ್ನು ಕೇಳಿ, ಸಂಕೋಚ ಬೇಡ.

ಬೇರೆ ಗುರುತುಗಳೂ ಇವೆ. ಸಂಶೋಧಕರು ನರಕೋಶ ಎಣಿಸಲು ಎಚ್‌ಯು-ಸಿ/ಡಿ ಬಳಸುತ್ತಾರೆ, ಅದು ಕೋಶದ ಒಡಲಿಗೆ ಮಾತ್ರ ಹಿಡಿಯುತ್ತದೆ. ಪಿಜಿಪಿ 9.5 ಎಳೆಗೂ ಹಿಡಿಯುವುದರಿಂದ ಎಣಿಸೋದು ಕಷ್ಟ. ಗ್ಲಿಯಾಕ್ಕೆ ಸಾಕ್ಸ್-10, ಜಿಎಫ್‌ಎಪಿ ಇವೆ.

ಇನ್ನೊಂದು ಮಾತು. ಬಸುರಿನಲ್ಲಿ ಏನೋ ತಿಂದಿದ್ದಕ್ಕೆ ಹೀಗಾಯಿತು ಅಂತ ನಿಮ್ಮ ಸೊಸೆಗೆ ಯಾರೋ ಹೇಳುತ್ತಿದ್ದಾರಂತೆ. ದಯವಿಟ್ಟು ಅದನ್ನು ನಿಲ್ಲಿಸಿ. ಭ್ರೂಣದಲ್ಲಿ ಈ ನರಕೋಶಗಳ ಮೂಲಕೋಶಗಳು ಅನ್ನನಾಳದ ಕಡೆಯಿಂದ ಗುದದ ಕಡೆಗೆ ಸಾಗಿ ಬರುತ್ತವೆ. ಕೊನೆ ಮುಟ್ಟದಿದ್ದರೆ ಕೆಳಗಿನ ಕರುಳು ಖಾಲಿ ಉಳಿಯುತ್ತದೆ. ಸುಮಾರು 5,000 ಮಕ್ಕಳಲ್ಲಿ ಒಂದಕ್ಕೆ ಹೀಗಾಗುತ್ತದೆ. ಆ ತಾಯಿಯದು ಏನೂ ತಪ್ಪಿಲ್ಲ.

ಆಪರೇಷನ್ ಹೊತ್ತಿನಲ್ಲಿ ಸರ್ಜನ್ ಮೇಲಿನ ಕರುಳಿನಿಂದ ಸಣ್ಣ ತುಣುಕು ಕಳಿಸಿ ಪರೀಕ್ಷೆ ಮಾಡಿಸುತ್ತಾರೆ. ನರಕೋಶ ಚೆನ್ನಾಗಿರುವ ಕರುಳನ್ನೇ ಕೆಳಗೆಳೆದು ಜೋಡಿಸುತ್ತಾರೆ. ಅದಕ್ಕೇ ಸ್ವಲ್ಪ ಜಾಸ್ತಿ ಹೊತ್ತು ಹಿಡಿಯಬಹುದು, ಹೊರಗೆ ಕೂತವರು ಗಾಬರಿಯಾಗಬೇಡಿ. ಮುಗಿದ ಮೇಲೆ ಒಂದು ಸಾಲು ಬರೆಯಿರಿ ಅಕ್ಕಾ, ಕಾಯುತ್ತಿರುತ್ತೇನೆ.

– ಸಂಪಾದಕ