ಉಂಡೆಗಟ್ಟಿದ ಸ್ವೆಟರ್ ಎಸೆಯಬೇಕಾ?

ಚಳಿಗಾಲವಿಡೀ ಹಾಕಿ ಸ್ವೆಟರಿನ ಕಂಕುಳಲ್ಲಿ ಜುಂಗಿನ ಉಂಡೆ ಎದ್ದಿದೆ, ತೋಳಿನ ಪಟ್ಟಿ ಜೋತಿದೆ ಅಂದುಕೊಳ್ಳಿ. ಇಷ್ಟಕ್ಕೇ ಎಸೆಯಬೇಡಿ. ಮೊದಲು ಒಳಹೊಲಿಗೆಯ ಒಂದೆಳೆ ಸುಟ್ಟು ನೋಡಿ: ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್‌ನಂಥ ಕೃತಕ ನೂಲು.

ಉಂಡೆಯನ್ನು ಕೈಯಲ್ಲಿ ಕಿತ್ತರೆ ಒಳಗಿನ ಎಳೆಯೂ ಎದ್ದು ಮತ್ತೆ ಉಂಡೆಯಾಗುತ್ತೆ. ಮೇಜಿನ ಮೇಲೆ ಹರಡಿ, ಲಿಂಟ್ ಶೇವರನ್ನು (ಬಟ್ಟೆಯ ಉಂಡೆ ಕತ್ತರಿಸುವ ಪುಟ್ಟ ಯಂತ್ರ) ಒತ್ತದೆ ಆಡಿಸಿ. ಪಟ್ಟಿ ಉಣ್ಣೆಯದಾದರೆ ಅದೊಂದನ್ನೇ ಬಿಸಿನೀರಲ್ಲಿ ಅದ್ದಿ, ಉಜ್ಜದೆ ನೀರು ಒತ್ತಿ ತೆಗೆದು, ಬೆರಳಲ್ಲಿ ಕೂಡಿಸಿ ಒಣಗಿಸಿ. ಹಿಡಿತ ಸಾಕಷ್ಟು ಮರಳುತ್ತೆ. ಅಕ್ರಿಲಿಕ್‌ಗೆ ಇದು ಬೇಡ, ಬಿಸಿಗೆ ಇನ್ನೂ ಜೋಲುತ್ತೆ.

ಉಣ್ಣೆಗೆ ಮಾಮೂಲಿ ಸೋಪಿನ ಪುಡಿ ಹಾಕಬೇಡಿ. ಅದರ ಕ್ಷಾರ ಎಳೆಯನ್ನು ಒರಟು ಮಾಡುತ್ತೆ, ಕೆಲವು ಪುಡಿಗಳಲ್ಲಿರುವ ಕಿಣ್ವ ಉಣ್ಣೆಯ ಪ್ರೋಟೀನನ್ನೇ ತಿನ್ನುತ್ತೆ. ಉಣ್ಣೆಬಟ್ಟೆಯ ದ್ರವ ಸೋಪು, 30 ಡಿಗ್ರಿ ಮೀರದ ನೀರು, ಹತ್ತು ನಿಮಿಷ ಸಾಕು. ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಚಪ್ಪಟೆಯಾಗಿ ಒಣಗಿಸಿ. ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಉದ್ದವಾಗುತ್ತೆ.

ಮಫ್ಲರ್, ಟೋಪಿಗೂ ಇದೇ ಕ್ರಮ. ಒಗೆಯದೆ ಮಾತ್ರ ಎತ್ತಿಡಬೇಡಿ: ನುಸಿಯ ಮರಿಗೆ ಬೆವರಿನ ಕಲೆ ಇರುವ ಉಣ್ಣೆ ಬಲು ಇಷ್ಟ. ತೆರೆದ ಬೀರುವಿನಲ್ಲಿ ನುಸಿಗುಳಿಗೆ ಬರೀ ವಾಸನೆಗಷ್ಟೇ. ಬಿಗಿಯಾದ ಡಬ್ಬಿ ಬೇಕು.