ಹಲಗೆ ಸವೆದರೆ ರೇಸೇ ಹೋಯಿತು: ಫಾರ್ಮುಲಾ ಒನ್ ಪ್ರಶ್ನೋತ್ತರ

2026ರ ಹೊಸ ನಿಯಮಗಳ ಬಗ್ಗೆ ಸಾಲುಸಾಲಾಗಿ ಪತ್ರಗಳು ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಫಾರ್ಮುಲಾ ಒನ್‌ಗೇ ಮೀಸಲು.

ಫಾರ್ಮುಲಾ ಒನ್ ಶುರುವಾದದ್ದು 1950ರಲ್ಲಿ ಅಂತ ಕೆಲವರು, ಅದಕ್ಕೂ ಎಷ್ಟೋ ಮುಂಚೆ ಅಂತ ಕೆಲವರು. ಯಾವುದು ಸರಿ?
— ನಿವೃತ್ತ ಶಿಕ್ಷಕರು, ಧಾರವಾಡ

ಎರಡಕ್ಕೂ ಆಧಾರವಿದೆ. 1950ರಲ್ಲಿ ಹುಟ್ಟಿದ್ದು ವಿಶ್ವ ಚಾಂಪಿಯನ್‌ಷಿಪ್. ಆ ವರ್ಷ ಮೇ 13ರಂದು ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ, ಯುದ್ಧಕಾಲದ ವಿಮಾನ ನೆಲೆಯೊಂದರ ಜಾಗದಲ್ಲಿ, ಮೊದಲ ರೇಸ್ ನಡೆಯಿತು. ಆಲ್ಫಾ ರೋಮಿಯೊ 158 ಕಾರಿನಲ್ಲಿ ಗೆದ್ದವರು ಇಟಲಿಯ ಜುಸೆಪ್ಪೆ ಫರೀನಾ. ವರ್ಷದ ಕೊನೆಗೆ ಮೊದಲ ವಿಶ್ವ ಚಾಂಪಿಯನ್ ಆದವರೂ ಅವರೇ.

‘ಫಾರ್ಮುಲಾ’ ಎಂದರೆ ಕಾರು ಹೇಗಿರಬೇಕೆಂಬ ನಿಯಮ. ಅದು ಮಾತ್ರ ಇದಕ್ಕಿಂತ ಹಳೆಯದು. ಯುದ್ಧ ಮುಗಿದ ಮೇಲೆ, 1946ರಲ್ಲಿ, ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಸೂಪರ್‌ಚಾರ್ಜರ್ ಇದ್ದರೆ 1.5 ಲೀಟರ್, ಇಲ್ಲದಿದ್ದರೆ 4.5 ಲೀಟರ್ ಎಂದು ಎಂಜಿನ್ ಗಾತ್ರ ನಿಗದಿಯಾಯಿತು. ಈ ಅಂಕಿಗಳು ಸುಮ್ಮನೆ ಬಂದವಲ್ಲ. ಯುದ್ಧದಲ್ಲಿ ಉಳಿದುಕೊಂಡ ಕಾರುಗಳು ಹೆಚ್ಚಾಗಿ ಈ ಎರಡು ಬಗೆಯವೇ ಆಗಿದ್ದವು. ಹೊಸ ಕಾರು ಕಟ್ಟಲು ಯಾರ ಬಳಿಯೂ ಹಣವಿರಲಿಲ್ಲ. ಫರೀನಾ ಓಡಿಸಿದ ಆಲ್ಫಾ ಕೂಡ ಮೂಲತಃ 1938ರ ಕಾರು.

ಗ್ರ್ಯಾನ್ ಪ್ರಿ ಎಂಬ ಹೆಸರಿನ ರೇಸು 1906ರಷ್ಟು ಹಿಂದಿನದು. ಫ್ರಾನ್ಸಿನ ಲ ಮಾನ್ಸ್ ಬಳಿ ಎರಡು ದಿನ, 1,200 ಕಿ.ಮೀ.ಗೂ ಹೆಚ್ಚು ದೂರ. ಗೆದ್ದದ್ದು ರೆನೋ ಕಾರಿನ ಫೆರೆಂಕ್ ಸಿಸ್. ಅವರ ಚಕ್ರಗಳಲ್ಲಿ ಮಿಶೆಲಿನ್ ಕಂಪನಿಯ ಬಿಚ್ಚಿ ಜೋಡಿಸುವ ರಿಮ್‌ಗಳಿದ್ದವು. ಟೈರ್ ಒಡೆದಾಗ ಉಳಿದವರಲ್ಲಿ ಹೆಚ್ಚಿನವರು ರಬ್ಬರನ್ನು ಕೊಯ್ದು ತೆಗೆದು ಹೊಸದನ್ನು ತುರುಕುತ್ತಿದ್ದರೆ, ಸಿಸ್ ರಿಮ್ ಸಮೇತ ಬದಲಿಸಿ ಹೊರಟುಬಿಡುತ್ತಿದ್ದರು. ಪಿಟ್‌ನಲ್ಲಿ (ಟೈರ್ ಬದಲಿಸಲು ಕಾರು ನಿಲ್ಲಿಸುವ ಜಾಗ) ಉಳಿಸಿದ ನಿಮಿಷ ರೇಸ್ ಗೆಲ್ಲಿಸುತ್ತದೆ ಎಂಬುದು ಮೊದಲ ಗ್ರ್ಯಾನ್ ಪ್ರಿಯಲ್ಲೇ ಸಾಬೀತಾಯಿತು.

ಹಳೆಯ ಫೋಟೊಗಳಲ್ಲಿ ಎಂಜಿನ್ ಚಾಲಕನ ಮುಂದಿರುತ್ತದೆ. ಹಿಂದಕ್ಕೆ ಹೋದದ್ದು ಯಾವಾಗ, ಯಾಕೆ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

1958ರ ಜನವರಿಯಲ್ಲಿ ಅರ್ಜೆಂಟೀನಾದಲ್ಲಿ ಸ್ಟರ್ಲಿಂಗ್ ಮಾಸ್ ಎಂಜಿನ್ ಹಿಂದಿದ್ದ ಒಂದು ಪುಟ್ಟ ಕೂಪರ್ ಕಾರಿನಲ್ಲಿ ಗೆದ್ದಾಗ ಅದನ್ನು ಆಕಸ್ಮಿಕ ಎಂದವರೇ ಹೆಚ್ಚು. 1959 ಮತ್ತು 1960ರಲ್ಲಿ ಜಾಕ್ ಬ್ರಾಬಮ್ ಕೂಪರ್‌ನಲ್ಲೇ ಚಾಂಪಿಯನ್ ಆದ ಮೇಲೆ ಯಾರೂ ಮಾತಾಡಲಿಲ್ಲ. 1961ರ ಹೊತ್ತಿಗೆ ಫೆರಾರಿ ಕೂಡ ಎಂಜಿನ್ ಹಿಂದಿಟ್ಟಿತು.

ಲಾಭ ಮೂರು ಕಡೆಯಿಂದ ಬಂತು. ಎಂಜಿನ್‌ನಿಂದ ಹಿಂದಿನ ಚಕ್ರಕ್ಕೆ ಹೋಗುವ ಉದ್ದನೆಯ ಶಾಫ್ಟ್ ಇಲ್ಲದ್ದರಿಂದ ಚಾಲಕ ನೆಲಕ್ಕೆ ಹತ್ತಿರ ಕೂರಬಹುದು, ಗಾಳಿಗೆ ಅಡ್ಡವಾಗುವ ಮೈ ಚಿಕ್ಕದಾಗುತ್ತದೆ. ಭಾರವೆಲ್ಲ ನಡುವೆ ಸೇರುವುದರಿಂದ ಕಾರು ತಿರುವಿನಲ್ಲಿ ಬೇಗ ಹೊರಳುತ್ತದೆ. ಎಳೆಯುವ ಚಕ್ರದ ಮೇಲೆ ತೂಕ ಬೀಳುವುದರಿಂದ ಹಿಡಿತವೂ ಹೆಚ್ಚು. 1930ರ ದಶಕದಲ್ಲೇ ಜರ್ಮನಿಯ ಆಟೋ ಯೂನಿಯನ್ ಇದೇ ವಿನ್ಯಾಸ ತಂದಿತ್ತು, ಗೆದ್ದೂ ಇತ್ತು. ಆದರೆ ಅಷ್ಟೊಂದು ಶಕ್ತಿಯನ್ನು ತಾಳಿಕೊಳ್ಳುವ ಸಸ್ಪೆನ್ಷನ್ ಆಗ ಇರಲಿಲ್ಲ, ಹಿಂಭಾಗ ಜಾರಿದರೆ ಹಿಡಿಯುವುದು ಬಹಳ ಕಷ್ಟವಾಗುತ್ತಿತ್ತು.

ನಿಮ್ಮ ಓದಿಗೆ ಉಪಯೋಗವಾಗುವ ಇನ್ನೆರಡು ಹೆಸರು: 1962ರ ಲೋಟಸ್ 25, 1967ರ ಕಾಸ್ವರ್ತ್ ಡಿಎಫ್‌ವಿ ಎಂಜಿನ್. ಮೊದಲನೆಯದು ಕೊಳವೆಗಳ ಚೌಕಟ್ಟು ಬಿಟ್ಟು ತಗಡಿನ ತೊಟ್ಟಿಯಂಥ ಮಾನೊಕಾಕ್ ತಂದಿತು. ಡಿಎಫ್‌ವಿಯನ್ನು ಆ ತೊಟ್ಟಿಯ ಬೆನ್ನಿಗೆ ಬೋಲ್ಟ್ ಮಾಡಿ, ಹಿಂದಿನ ಸಸ್ಪೆನ್ಷನ್ನಿನ ಭಾರವನ್ನೆಲ್ಲ ಎಂಜಿನ್ನೇ ಹೊರುವಂತೆ ಲೋಟಸ್ ಜೋಡಿಸಿತು. ಈ ಎಂಜಿನ್ 155 ರೇಸ್ ಗೆದ್ದಿದೆ. ತಗಡಿನ ಜಾಗಕ್ಕೆ 1981ರಲ್ಲಿ ಮೆಕ್ಲಾರೆನ್ ಕಾರ್ಬನ್ ಫೈಬರ್ ತಂದದ್ದು ಬಿಟ್ಟರೆ, ಮೂಲ ಜೋಡಣೆ ಇವತ್ತಿಗೂ ಅದೇ.

2025ರ ಲಾಸ್ ವೇಗಸ್ ರೇಸ್‌ನಲ್ಲಿ ಮೆಕ್ಲಾರೆನ್‌ನ ಇಬ್ಬರೂ ಚಾಲಕರನ್ನು ಅನರ್ಹಗೊಳಿಸಿದರು. ಕಾರಿನ ಅಡಿಯ ಹಲಗೆ ಸವೆದಿತ್ತಂತೆ. ಅಷ್ಟಕ್ಕೇ ಅಷ್ಟು ದೊಡ್ಡ ಶಿಕ್ಷೆಯೇ?
— ಬ್ಯಾಂಕ್ ಉದ್ಯೋಗಿ, ತುಮಕೂರು

ಆ ಹಲಗೆಯ ಹಿಂದೆ ಎರಡು ಸಾವುಗಳಿವೆ. 1994ರ ಇಮೋಲಾ ರೇಸ್ ವಾರಾಂತ್ಯದಲ್ಲಿ ಶನಿವಾರ ರೋಲಾಂಡ್ ರಾಟ್ಜೆನ್‌ಬರ್ಗರ್, ಭಾನುವಾರ ಅಯರ್ಟನ್ ಸೆನ್ನಾ ತೀರಿಕೊಂಡರು. ಕಾರುಗಳನ್ನು ನಿಧಾನಗೊಳಿಸಲೇಬೇಕಾಯಿತು. ಅದೇ ವರ್ಷದ ಜರ್ಮನ್ ಗ್ರ್ಯಾನ್ ಪ್ರಿಯಿಂದ ಪ್ರತಿ ಕಾರಿನ ತಳಕ್ಕೂ 10 ಮಿ.ಮೀ. ದಪ್ಪದ ಹಲಗೆ ಕಡ್ಡಾಯವಾಯಿತು. ರೇಸ್ ಮುಗಿದಾಗ ಅದು 9 ಮಿ.ಮೀ.ಗಿಂತ ತೆಳುವಾಗಿದ್ದರೆ ಕಾರು ತೀರಾ ತಗ್ಗಿನಲ್ಲಿ ಓಡಿದೆ ಎಂದೇ ಲೆಕ್ಕ.

ತಗ್ಗಿನಲ್ಲಿ ಓಡಿಸುವ ಆಸೆ ಯಾಕೆಂದರೆ, ಕಾರಿನ ತಳಕ್ಕೂ ನೆಲಕ್ಕೂ ನಡುವಿನ ಕಿರಿದಾದ ಜಾಗದಲ್ಲಿ ಗಾಳಿ ರಭಸವಾಗಿ ಹರಿಯುತ್ತದೆ, ಅಲ್ಲಿ ಒತ್ತಡ ಕುಸಿಯುತ್ತದೆ, ಕಾರು ನೆಲಕ್ಕೆ ಹೀರಲ್ಪಡುತ್ತದೆ. ಸಂದು ಕಿರಿದಾದಷ್ಟೂ ಹೀರುವ ಬಲ ಹೆಚ್ಚು, ತಿರುವಿನಲ್ಲಿ ವೇಗ ಹೆಚ್ಚು. 2022ರಿಂದ 2025ರವರೆಗಿನ ಕಾರುಗಳ ಹಿಡಿತದ ದೊಡ್ಡ ಪಾಲು ಹೀಗೆ ತಳದಿಂದಲೇ ಬರುತ್ತಿತ್ತು. ಆದರೆ ಸಂದು ಅತಿಯಾಗಿ ಕಿರಿದಾದರೆ ಗಾಳಿಯ ಹರಿವು ಕಟ್ಟಿಕೊಳ್ಳುತ್ತದೆ. ಹೀರುವಿಕೆ ನಿಂತು ಕಾರು ಮೇಲೇಳುತ್ತದೆ, ಎದ್ದ ಕೂಡಲೇ ಗಾಳಿ ಮತ್ತೆ ಹರಿದು ಕೆಳಕ್ಕೆಳೆಯುತ್ತದೆ. ಸೆಕೆಂಡಿಗೆ ಹಲವು ಸಲ ಹೀಗೆ ಕುಕ್ಕಿದರೆ ಹಲಗೆ ಉಳಿಯುವುದಿಲ್ಲ.

ಲಾಸ್ ವೇಗಸ್‌ನಲ್ಲಿ ಆದದ್ದು ಇದೇ. ಅಭ್ಯಾಸದ ಓಟಕ್ಕೆ ಅಡಚಣೆಯಾಗಿತ್ತು, ಅರ್ಹತಾ ಸುತ್ತು ಮಳೆಯಲ್ಲಿ ನಡೆಯಿತು. ಒಣ ರಸ್ತೆಯಲ್ಲಿ, ತುಂಬಿದ ಇಂಧನದೊಂದಿಗೆ ಕಾರು ಎಷ್ಟು ಕುಕ್ಕುತ್ತದೆ ಎಂಬ ಮಾಹಿತಿ ಸಾಲದೆ ಎತ್ತರ ನಿಗದಿಯಾಯಿತು. ಅರ್ಹತಾ ಸುತ್ತಿಗೆ ಹೊರಟ ಮೇಲೆ ಎತ್ತರ ಬದಲಿಸಲು ನಿಯಮ ಬಿಡುವುದಿಲ್ಲ. ರೇಸ್ ನಡುವೆ ತಂಡದ ಕೈಯಲ್ಲಿ ಉಳಿಯುವ ಉಪಾಯ ಒಂದೇ: ನೇರ ರಸ್ತೆಯ ಕೊನೆಯಲ್ಲಿ ಬ್ರೇಕಿಗೂ ಮುಂಚೆಯೇ ಆಕ್ಸಿಲರೇಟರ್ ಬಿಡುವುದು. ಗರಿಷ್ಠ ವೇಗ ಕಡಿಮೆಯಾದರೆ ಕೆಳಕ್ಕೊತ್ತುವ ಬಲವೂ ಕಡಿಮೆ. ಅಂದು ಅದೂ ಸಾಕಾಗಲಿಲ್ಲ. ಎರಡನೆಯ ಸ್ಥಾನದ ಲ್ಯಾಂಡೊ ನೋರಿಸ್, ನಾಲ್ಕನೆಯ ಸ್ಥಾನದ ಆಸ್ಕರ್ ಪಿಯಾಸ್ಟ್ರಿ ಇಬ್ಬರ ಅಂಕಗಳೂ ಹೋದವು. ಆಮೇಲೆ ನೋರಿಸ್ ಚಾಂಪಿಯನ್ ಆದದ್ದು ಮ್ಯಾಕ್ಸ್ ವೆಸ್ಟಾಪನ್‌ಗಿಂತ ಕೇವಲ 2 ಅಂಕ ಹೆಚ್ಚು ಪಡೆದು. ಎರಡನೆಯ ಸ್ಥಾನಕ್ಕೆ 18 ಅಂಕ ಎನ್ನುವುದನ್ನು ನೆನೆದರೆ ಆ ಸವೆತದ ಬೆಲೆ ತಿಳಿಯುತ್ತದೆ.

ಶಿಕ್ಷೆ ಕಠಿಣವೇ, ಆದರೆ ನ್ಯಾಯವಾದದ್ದು. 1994ರಲ್ಲಿ ಬೆಲ್ಜಿಯಂ ರೇಸ್ ಗೆದ್ದಿದ್ದ ಮೈಕೆಲ್ ಶುಮಾಕರ್ ಇದೇ ಕಾರಣಕ್ಕೆ ಗೆಲುವು ಕಳೆದುಕೊಂಡರು. 2023ರಲ್ಲಿ ಆಸ್ಟಿನ್‌ನಲ್ಲಿ ಲೂಯಿಸ್ ಹ್ಯಾಮಿಲ್ಟನ್ ಮತ್ತು ಶಾರ್ಲ್ ಲೆಕ್ಲೇರ್ ಅನರ್ಹರಾದರು. ‘ಸ್ವಲ್ಪವೇ ಸವೆದಿದೆ’ ಎಂದು ಒಮ್ಮೆ ಬಿಟ್ಟರೆ ಮುಂದಿನ ರೇಸಿಗೆ ಎಲ್ಲರೂ ಕಾರು ಇಳಿಸುತ್ತಾರೆ.

2026ರ ಕಾರುಗಳಲ್ಲಿ ಅರ್ಧ ಶಕ್ತಿ ಬ್ಯಾಟರಿಯದು ಎನ್ನುತ್ತಾರೆ. ಹಾಗಿದ್ದರೆ ನೇರ ರಸ್ತೆಯಲ್ಲೇ ಕಾರು ಸುಸ್ತಾಗುವುದೇಕೆ?
— ಎಲೆಕ್ಟ್ರಿಕಲ್ ಅಂಗಡಿ ಮಾಲೀಕರು, ದಾವಣಗೆರೆ

ಒಂದು ಸಣ್ಣ ಲೆಕ್ಕ ಹಾಕೋಣ. ಹಿಂದಿನ ಚಕ್ರಕ್ಕೆ ಶಕ್ತಿ ಕೊಡುವ ವಿದ್ಯುತ್ ಮೋಟಾರು 2025ರವರೆಗೆ 120 ಕಿಲೋವ್ಯಾಟ್ ಇತ್ತು, ಈಗ 350. ಪೆಟ್ರೋಲ್ ಎಂಜಿನ್ (ಇವತ್ತಿಗೂ 1.6 ಲೀಟರ್ ವಿ6 ಟರ್ಬೊ) ಸುಮಾರು 400 ಕಿಲೋವ್ಯಾಟ್‌ಗೆ ಇಳಿದಿದೆ. ಆದರೆ ಬ್ಯಾಟರಿಯ ಪೂರ್ಣ ಮತ್ತು ಖಾಲಿ ಸ್ಥಿತಿಗಳ ನಡುವೆ ನಿಯಮ ಕೊಡುವ ಅಂತರ 4 ಮೆಗಾಜೂಲ್ ಮಾತ್ರ. 4,000 ಕಿಲೋಜೂಲ್ ಅನ್ನು 350ರಿಂದ ಭಾಗಿಸಿ: ಹನ್ನೊಂದು ಸೆಕೆಂಡು ಚಿಲ್ಲರೆ. ಪೂರ್ತಿ ಬಲದಲ್ಲಿ ಅಷ್ಟು ಹೊತ್ತು ಓಡಿದರೆ ಬ್ಯಾಟರಿ ಖಾಲಿ.

ಹಾಗಾಗಿ ಸುತ್ತಿನುದ್ದಕ್ಕೂ ಮತ್ತೆ ಮತ್ತೆ ತುಂಬಿಸಿಕೊಳ್ಳಬೇಕು. ಬ್ರೇಕ್ ಹಾಕಿದಾಗ ಮೋಟಾರು ಜನರೇಟರ್ ಆಗುತ್ತದೆ. ಬ್ರೇಕಿಂಗ್ ಕಡಿಮೆಯಿರುವ ಟ್ರ್ಯಾಕ್‌ನಲ್ಲಿ ಅಷ್ಟು ಸಾಲದು. ಆಗ ಚಾಲಕ ಆಕ್ಸಿಲರೇಟರ್ ಪೂರ್ತಿ ಒತ್ತಿರುವಾಗಲೇ ಎಂಜಿನ್ ಶಕ್ತಿಯ ಒಂದು ಪಾಲು ಬ್ಯಾಟರಿಗೆ ತಿರುಗುತ್ತದೆ. ನೇರ ರಸ್ತೆಯ ಕೊನೆಯಲ್ಲಿ ವೇಗದ ಅಂಕಿ ಇಳಿಯುವುದನ್ನು ಟಿವಿಯಲ್ಲಿ ಕಂಡಿದ್ದೀರಲ್ಲ, ಅದು ಇದೇ. ಉದ್ದನೆಯ ನೇರ ರಸ್ತೆಗಳಿರುವ ಮೊಂಜಾದಂಥ ಕಡೆ ಈ ಕೊರತೆ ಎದ್ದು ಕಾಣುತ್ತದೆ, ಮೊನಾಕೊದಲ್ಲಿ ಅಷ್ಟಿಲ್ಲ. ಹಿಂದೆ ಟರ್ಬೊದ ಬಿಸಿ ಹೊಗೆಯಿಂದಲೂ ವಿದ್ಯುತ್ ತೆಗೆಯುವ ಇನ್ನೊಂದು ಮೋಟಾರು ಇತ್ತು. ದುಬಾರಿ ಮತ್ತು ತೀರಾ ಜಟಿಲ ಎಂದು ಅದನ್ನು ಕೈಬಿಟ್ಟಿದ್ದಾರೆ. ಶಕ್ತಿಯ ಲೆಕ್ಕ ಬಿಗಿಯಾಗಲು ಅದೂ ಕಾರಣ.

ಇದನ್ನು ಸರಿದೂಗಿಸಲೆಂದೇ ಮುಂದಿನ, ಹಿಂದಿನ ರೆಕ್ಕೆಗಳೆರಡೂ ಈಗ ನೇರ ರಸ್ತೆಯಲ್ಲಿ ಮಲಗಿ ಗಾಳಿಯ ತಡೆ ತಗ್ಗಿಸುತ್ತವೆ, ತಿರುವಿಗೆ ಮುಂಚೆ ಎದ್ದು ನಿಲ್ಲುತ್ತವೆ. ಮುಂದಿನ ಕಾರನ್ನು ದಾಟಲೆಂದು ಹಿಂದಿನ ರೆಕ್ಕೆಯನ್ನಷ್ಟೇ ತೆರೆಯುತ್ತಿದ್ದ, 2011ರಿಂದ ಇದ್ದ ಡಿಆರ್‌ಎಸ್ ಹೋಯಿತು. ಅದರ ಬದಲು, ಮುಂದಿನ ಕಾರಿಗೆ ಒಂದು ಸೆಕೆಂಡಿನೊಳಗೆ ಬಂದವರಿಗೆ ಹೆಚ್ಚಿನ ವಿದ್ಯುತ್ ಸಿಗುತ್ತದೆ. ಕನಿಷ್ಠ ತೂಕ 800ರಿಂದ 768 ಕೆ.ಜಿ.ಗೆ, ಅಗಲ 2 ಮೀಟರಿನಿಂದ 1.9 ಮೀಟರಿಗೆ ಇಳಿದಿದೆ. ಆಡಿ ಮತ್ತು ಕ್ಯಾಡಿಲಾಕ್ ಬಂದು ತಂಡಗಳು 11, ಕಾರುಗಳು 22 ಆಗಿವೆ. ಬ್ಯಾಟರಿಯ ಪಾಲು ಇಷ್ಟು ಹೆಚ್ಚಿಸಿದ್ದು ಅವಸರವಾಯಿತು ಎಂದೇ ನಮ್ಮ ಅಭಿಪ್ರಾಯ. ಆದರೆ ಕಾರು ಕಿರಿದು, ಹಗುರ ಆದದ್ದು ಎಂದೋ ಆಗಬೇಕಿದ್ದ ಕೆಲಸ.

ರೇಸಿಗೆ ಮುಂಚಿನ ಸುತ್ತಿನಲ್ಲಿ ಕಾರುಗಳು ಹಾವಿನಂತೆ ಹರಿದಾಡುವುದೇಕೆ?
— ಗೃಹಿಣಿ, ಹಾಸನ

ಟೈರ್ ಬೆಚ್ಚಗಿಡಲು. ರಬ್ಬರ್ ತಣ್ಣಗಿದ್ದರೆ ರಸ್ತೆಯನ್ನು ಕಚ್ಚದೆ ಜಾರುತ್ತದೆ, ಜಾರಿದಾಗ ಮೇಲ್ಪದರ ಹರಿದು ಚೂರುಚೂರಾಗಿ ಟೈರಿಗೇ ಅಂಟುತ್ತದೆ. ಬಿಸಿ ಅತಿಯಾದರೆ ಒಳಗಿನ ರಬ್ಬರ್ ಬೆಂದು ಗುಳ್ಳೆ ಏಳುತ್ತದೆ. ಎರಡರ ನಡುವಿನ ಹದದಲ್ಲಿ ಇಟ್ಟವರೇ ಗೆಲ್ಲುತ್ತಾರೆ. ಜೊತೆಗೆ ಚಾಲಕರು ಗಟ್ಟಿಯಾಗಿ ಬ್ರೇಕ್ ಒತ್ತುತ್ತಾರೆ: ಬ್ರೇಕಿನ ಶಾಖ ರಿಮ್ ಮೂಲಕ ಟೈರಿಗೆ ಇಳಿಯುತ್ತದೆ. ಟೈರ್‌ಗಳಲ್ಲಿ ಕೆಂಪು ಪಟ್ಟಿಯದು ಮೃದು, ಹಳದಿ ಮಧ್ಯಮ, ಬಿಳಿ ಗಟ್ಟಿ. ಒಣ ರೇಸಿನಲ್ಲಿ ಕನಿಷ್ಠ ಎರಡು ಬಗೆಯವನ್ನು ಬಳಸಲೇಬೇಕು.

ಭಾರತದ ಗ್ರ್ಯಾನ್ ಪ್ರಿ ನಿಂತದ್ದೇಕೆ?
— ಓದುಗರು, ಮಂಗಳೂರು

ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ 2011, 2012, 2013ರಲ್ಲಿ ನಡೆದ ಮೂರೂ ರೇಸ್‌ಗಳನ್ನು ಸೆಬಾಸ್ಟಿಯನ್ ವೆಟಲ್ ಗೆದ್ದರು. ಉತ್ತರ ಪ್ರದೇಶ ಸರ್ಕಾರ ಇದನ್ನು ಕ್ರೀಡೆಯೆಂದಲ್ಲ, ಮನರಂಜನೆಯೆಂದು ಪರಿಗಣಿಸಿ ತೆರಿಗೆ ಹಾಕಿತು. ಆ ತಕರಾರು ಬಗೆಹರಿಯಲಿಲ್ಲ. 5.125 ಕಿ.ಮೀ. ಉದ್ದದ ಟ್ರ್ಯಾಕ್ ಚೆನ್ನಾಗಿತ್ತು, ಚಾಲಕರಿಗೂ ಇಷ್ಟವಾಗಿತ್ತು. ಬೆಂಗಳೂರಿನ ವಿಜಯ್ ಮಲ್ಯ ಅವರ ಫೋರ್ಸ್ ಇಂಡಿಯಾ ತಂಡ 2018ರಲ್ಲಿ ಕೈಬದಲಾಯಿತು. ಇಂದಿನ ಆಸ್ಟನ್ ಮಾರ್ಟಿನ್ ಅದೇ ತಂಡದ ಮುಂದುವರಿಕೆ.

ನನ್ನ ಮಗಳಿಗೆ 9 ವರ್ಷ, ಫಾರ್ಮುಲಾ ಒನ್ ಚಾಲಕಿ ಆಗಬೇಕಂತೆ. ಎಲ್ಲಿಂದ ಶುರು ಮಾಡಲಿ?
— ತಂದೆ, ಬೆಂಗಳೂರು

ಪುಟ್ಟ ತೆರೆದ ರೇಸ್ ಗಾಡಿಗಳ ಓಟವಾದ ಕಾರ್ಟಿಂಗ್‌ನಿಂದ, ಈಗಲೇ. ನಿಮ್ಮ ಊರಿನಲ್ಲೇ ಟ್ರ್ಯಾಕ್‌ಗಳಿವೆ. ಮೊನಾಕೊದಲ್ಲಿ 2025ರ ಫಾರ್ಮುಲಾ 2 (ಫಾರ್ಮುಲಾ ಒನ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಸರಣಿ) ಸ್ಪ್ರಿಂಟ್ ರೇಸ್, ಅಂದರೆ ಚಿಕ್ಕ ರೇಸ್, ಗೆದ್ದ ಕುಶ್ ಮೈನಿ ಬೆಂಗಳೂರಿನವರೇ. ಮೊದಲು ಬಾಡಿಗೆ ಕಾರ್ಟ್‌ನಲ್ಲಿ ಕೆಲವು ತಿಂಗಳು ಓಡಿಸಲಿ, ಸ್ವಂತ ಕಾರ್ಟ್‌ಗೆ ಅವಸರ ಬೇಡ. ಆಸಕ್ತಿ ಉಳಿದರೆ ಎಫ್‌ಎಂಎಸ್‌ಸಿಐ (ಭಾರತದ ಮೋಟಾರು ಕ್ರೀಡಾ ಒಕ್ಕೂಟ) ಪರವಾನಗಿ ಮಾಡಿಸಿ, ರೋಟಾಕ್ಸ್ ಕಾರ್ಟ್ ರೇಸ್ ಸರಣಿಯ ಮಕ್ಕಳ ವರ್ಗ ಮೈಕ್ರೋ ಮ್ಯಾಕ್ಸ್‌ಗೆ ಸೇರಿಸಿ.

ಹೆಲ್ಮೆಟ್ಟಿನಷ್ಟೇ ಮುಖ್ಯ ಪಕ್ಕೆಲುಬಿನ ಕವಚ. ಕಾರ್ಟ್‌ಗೆ ಸಸ್ಪೆನ್ಷನ್ ಇಲ್ಲ, ಹಿಂದಿನ ಚಕ್ರಗಳೆರಡೂ ಒಂದೇ ಆಕ್ಸಲ್‌ಗೆ ಬಿಗಿದಿರುತ್ತವೆ. ಕಾರ್ಟ್ ತಿರುಗಬೇಕಾದರೆ ಒಳಗಿನ ಹಿಂಚಕ್ರ ಕ್ಷಣಕಾಲ ನೆಲ ಬಿಡಲೇಬೇಕು, ಆ ಹೊಡೆತವೆಲ್ಲ ಸೀಟಿನ ಅಂಚಿಗೆ ಬರುತ್ತದೆ. ಬೆಳೆಯುವ ಮಗು ಎಂದು ದೊಡ್ಡ ಸೀಟು ಹಾಕಿಸಬೇಡಿ. ಎರಡು ಸ್ಟ್ರೋಕ್ ಎಂಜಿನ್ನಿಗೆ 5 ಲೀಟರ್ ಪೆಟ್ರೋಲಿಗೆ 100 ಮಿ.ಲೀ. ಆಯಿಲ್ ಅಳೆದೇ ಬೆರೆಸಿ. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಪ್ಲಗ್ ಮಸಿ ಹಿಡಿಯುತ್ತದೆ.

15ನೇ ವಯಸ್ಸಿಗೆ ಫಾರ್ಮುಲಾ 4 ಕಾರು ಓಡಿಸಬಹುದು. ಭಾರತದಲ್ಲಿ ಆ ಸರಣಿ 2023ರಿಂದ ಇದೆ. 16ರ ನಂತರ ಹೆಣ್ಣುಮಕ್ಕಳಿಗಾಗಿಯೇ ಇರುವ ಎಫ್1 ಅಕಾಡೆಮಿಯ ದಾರಿಯೂ ಉಂಟು. ಕೊನೆಯ ಬಾಗಿಲು ಫಾರ್ಮುಲಾ ಒನ್ ರೇಸಿಗೆ ಬೇಕಾದ ಪರವಾನಗಿ, ಸೂಪರ್ ಲೈಸೆನ್ಸ್. ಅದಕ್ಕೆ ಸಾಮಾನ್ಯವಾಗಿ 18 ವರ್ಷ ತುಂಬಿರಬೇಕು, ಕೆಳಗಿನ ಸರಣಿಗಳಲ್ಲಿ ಓಡಿ ಮೂರು ಸೀಸನ್‌ಗಳಲ್ಲಿ 40 ಅಂಕ ಕೂಡಿರಬೇಕು, ಫಾರ್ಮುಲಾ ಒನ್ ಕಾರಿನಲ್ಲಿ 300 ಕಿ.ಮೀ. ಓಡಿಸಿರಬೇಕು. ಫಾರ್ಮುಲಾ 2ರಲ್ಲಿ ಮೊದಲ ಮೂರರೊಳಗೆ ಬಂದರೆ ಆ 40 ಅಂಕ ಒಂದೇ ವರ್ಷದಲ್ಲಿ ಸಿಗುತ್ತದೆ. ಖರ್ಚು ಯುರೋಪಿಗೆ ಹೋದ ಮೇಲೆ ಹಲವು ಪಟ್ಟು ಏರುವುದರಿಂದ, ಪ್ರಾಯೋಜಕರನ್ನು ಹುಡುಕುವ ಕೆಲಸವನ್ನು ಆಕೆ ಕಾರ್ಟ್‌ನಲ್ಲಿ ಗೆಲ್ಲತೊಡಗಿದ ವರ್ಷವೇ ಆರಂಭಿಸಿ.